ಒಳ ಅಂಚಿನ ಸವೆತ

ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಹೊರಟಿದ್ದ ನಮ್ಮ ಕಾರು ಹೊಳಲ್ಕೆರೆಯಲ್ಲಿ ಪಂಕ್ಚರ್ ಆಯಿತು. ಅಂಗಡಿಯ ಹುಡುಗ ಮುಂದಿನ ಟೈರು ಬಿಚ್ಚಿ ತೋರಿಸಿದ. ಹೊರ ಅಂಚು ಹೊಸದರಂತಿತ್ತು. ಒಳ ಅಂಚು ಸವೆದು ನೂಲು ಕಾಣುತ್ತಿತ್ತು.

"ಬೇರೆ ಟೈರು ಹಾಕಪ್ಪ" ಎಂದೆ.

"ಹಾಕ್ತೀನಮ್ಮ. ಅಲೈನ್‌ಮೆಂಟ್ ಮಾಡಿಸ್ದಿದ್ರೆ ಅದೂ ಹಿಂಗೇ ಸವೀತೈತೆ."

ಮುಂದಿನ ಚಕ್ರಗಳ ಮುಂಭಾಗ ಸ್ವಲ್ಪ ಹೊರಕ್ಕೆ ತಿರುಗಿದ್ದರೂ ಸಾಕು, ಟೈರು ಉರುಳುತ್ತಲೇ ರಸ್ತೆಗೆ ಉಜ್ಜುತ್ತದೆ. ಒಳ ಅಂಚು ಬೇಗ ಸವೆಯುತ್ತದೆ. ಎರಡೂ ಕಡೆ ಸಮವಾಗಿ ತಿರುಗಿದ್ದರೆ ಕಾರು ಪಕ್ಕಕ್ಕೆ ಎಳೆಯದೆಯೂ ಇರಬಹುದು. ಒಳಗೆ ಕೂತವರಿಗೆ ಎಲ್ಲವೂ ನೆಟ್ಟಗಿದೆ ಎನಿಸುತ್ತದೆ.

ನನಗೆ ನನ್ನ ತರಗತಿ ನೆನಪಾಯಿತು. ನಾನು ಪ್ರಶ್ನೆ ಕೇಳುತ್ತಿದ್ದುದು ಹೆಚ್ಚಾಗಿ ಮುಂದಿನ ಬೆಂಚಿನವರನ್ನೇ. ಬೇಕೆಂದು ಮಾಡಿದ್ದಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ವರ್ಷದ ಕೊನೆಗೆ ಕೈ ಎತ್ತುವುದನ್ನೇ ಬಿಟ್ಟಿದ್ದಳು. ಅವಳನ್ನು ಮಂಕು ಎಂದುಕೊಂಡಿದ್ದೆ.

ಅರಿಯದೆ ಮಾಡಿದ್ದು ತಪ್ಪೇ? ಸವೆದವರಿಗೆ ನಮ್ಮ ಉದ್ದೇಶದಿಂದ ಆಗಬೇಕಾದ್ದೇನೂ ಇಲ್ಲ. ಆದರೂ ಕಾಣುವವರೆಗಿನದಕ್ಕೆ ಕ್ಷಮೆಯಿರಬಹುದು. ಕಂಡ ಮೇಲೂ ಟೈರನ್ನಷ್ಟೇ ಬದಲಾಯಿಸಿ ಹೊರಟರೆ ಅದಕ್ಕಿಲ್ಲ. ಜೂನ್ ತಿಂಗಳಲ್ಲಿ ನನಗೂ ಹೊಸ ಮಕ್ಕಳು ಬರುತ್ತಾರೆ. ಈ ಸಲ ಪ್ರಶ್ನೆಗಳನ್ನು ಹಿಂದಿನ ಬೆಂಚಿನಿಂದ ಶುರುಮಾಡಬೇಕು.