ಫಲ ಕಾಣದ ದಾನ

ಹಸಿದವನಿಗೆ ಅನ್ನ ಹಾಕಿದರೆ ಅವನ ಮುಖದ ತೃಪ್ತಿ ಅಲ್ಲೇ ಕಾಣುತ್ತದೆ. ಬಾವಿ ತೋಡಿಸಿದರೆ ನೀರು ಸೇದುವವರು ಕಾಣುತ್ತಾರೆ. ಫಲ ಯಾರಿಗೆ, ಯಾವಾಗ ಸಿಕ್ಕೀತೋ ತಿಳಿಯದೆ ಕೊಟ್ಟದ್ದೂ ದಾನವೇ? ರೋಗಗಳ ಸಂಶೋಧನೆಗೆ ಕೊಡುವ ದಾನ ಇಂಥದ್ದು.

ಮಾದಾಪುರದ ಸುತ್ತಿನ ಜನಕ್ಕೆ ದಾನದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ನಾಡಿನ ಮೂಲೆಮೂಲೆಯಿಂದ ಅಕ್ಕಿ, ಬಟ್ಟೆ, ಕಂಬಳಿ, ಔಷಧಿ ಬಂತು. ಆಮೇಲೆ ಸಮೀಪದ ಜಂಬೂರಿನಲ್ಲಿ ಸಂತ್ರಸ್ತರಿಗೆ ಮನೆಗಳೆದ್ದವು. ಅದು ಕಣ್ಣೆದುರಿನ ಪುಣ್ಯ. ಆದರೆ ಮನೆಯ ಹಿರಿಯರಿಗೆ ಮರೆವು ಕವಿದು, ಹೆತ್ತ ಮಕ್ಕಳ ಗುರುತೇ ಸಿಗದಂತಾದರೆ? ಆ ಕಾಯಿಲೆಯನ್ನು ಪೂರ್ತಿ ವಾಸಿಮಾಡುವ ಔಷಧ ಇನ್ನೂ ಸಿಕ್ಕಿಲ್ಲ. ಹುಡುಕಬೇಕಾದರೆ ಯಾರಾದರೂ ಕೊಡಲೇಬೇಕು.

ಹಾಗೆ ಕೊಟ್ಟವರು ಕನ್ನಡ ನಾಡಿನಲ್ಲೇ ಇದ್ದಾರೆ. ವಿಜ್ಞಾನಕ್ಕೊಂದು ಸಂಸ್ಥೆ ಬೇಕೆಂದು ಜೆಮ್‌ಷೆಡ್‌ಜಿ ಟಾಟಾ ತಮ್ಮ ಆಸ್ತಿಯ ಪಾಲು ಎತ್ತಿಟ್ಟು 1904ರಲ್ಲಿ ತೀರಿಕೊಂಡರು. ಮೈಸೂರು ಅರಮನೆ 371 ಎಕರೆ ಭೂಮಿ ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಟಾಟಾ ಅದನ್ನು ಕಾಣಲೇ ಇಲ್ಲ. ಅದೇ ಆವರಣದ ಮಿದುಳು ಸಂಶೋಧನಾ ಕೇಂದ್ರಕ್ಕೆ 225 ಕೋಟಿ ರೂಪಾಯಿ ಕೊಡಲು 2014ರಲ್ಲಿ ಇನ್ಫೋಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ ಮುಂದಾಯಿತು.

ಆದರೆ ಹಣವೊಂದೇ ಸಾಲದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ, 45 ವರ್ಷ ದಾಟಿದ ಸುಮಾರು 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವನ್ನು ಈ ಕೇಂದ್ರ 2018ರಲ್ಲಿ ಆರಂಭಿಸಿತು. ರಕ್ತ ಕೊಡಬೇಕು, ನೆನಪಿನ ಪರೀಕ್ಷೆಗೆ ಕೂರಬೇಕು, ಸ್ಕ್ಯಾನಿಗೆ ಮಲಗಬೇಕು. ಕಾಲ ಬಿಟ್ಟು ಮತ್ತೆ ಅದೇ. ಮರೆವಿನ ಕಾಯಿಲೆಯ ಬಗ್ಗೆ ಜಗತ್ತಿಗೆ ತಿಳಿದದ್ದು ಬಹುಪಾಲು ಪಾಶ್ಚಾತ್ಯ ದೇಶಗಳ ಜನರಿಂದ. ಇಲ್ಲಿನ ಊಟ, ದುಡಿಮೆ, ವಂಶಗುಣ ಬೇರೆ. ಶಾಲೆ ಕಾಣದ ಅಜ್ಜಿಯ ನೆನಪನ್ನು ಓದುಬಲ್ಲವರ ಪ್ರಶ್ನೆಗಳಿಂದ ಅಳೆದರೆ ಲೆಕ್ಕ ತಪ್ಪುತ್ತೆ. ಹಾಗಾಗಿ ಇಲ್ಲಿನ ಉತ್ತರ ಇಲ್ಲಿನವರಿಂದಲೇ ಬರಬೇಕು. ಕೋಟಿ ಕೊಟ್ಟವರಷ್ಟೇ, ಕೂಲಿಯ ಒಂದು ದಿನ ಬಿಟ್ಟು ತೋಳು ಚಾಚಿದವರೂ ದಾನಿಗಳೇ.

'ದೊಡ್ಡ ಚಿಕಿತ್ಸೆಗೆ ಕೊಡಗಿನವರು ಮೈಸೂರು, ಮಂಗಳೂರಿಗೆ ಓಡ್ತಾರೆ. ಮೊದಲು ಆಂಬ್ಯುಲೆನ್ಸ್ ಕೊಡಿಸಿ, ಸಂಶೋಧನೆ ಆಮೇಲೆ' ಎನ್ನುವವರಿದ್ದಾರೆ. ಆ ಮಾತು ಸುಳ್ಳಲ್ಲ. ಬಾಗಿಲಲ್ಲಿ ನರಳುವವನನ್ನು ದಾಟಿಕೊಂಡು ಹೋಗಿ ನಾಳಿನವರಿಗೆ ಔಷಧ ಹುಡುಕುವುದು ಧರ್ಮವಲ್ಲ. ಆದರೆ ಇವತ್ತಿನ ನೋವಿಗಷ್ಟೇ ಕೊಡುತ್ತಾ ಹೋದರೆ ಅದೇ ನೋವು ಮೊಮ್ಮಕ್ಕಳ ಬಾಗಿಲಿಗೂ ಬರುತ್ತೆ. ಕಣಜದ ಭತ್ತ ಮೊದಲು ಮನೆಯವರ ಊಟಕ್ಕೆ, ನಿಜ. ಎಷ್ಟೇ ಕಷ್ಟ ಬಂದರೂ ಬಿತ್ತನೆ ಭತ್ತವನ್ನು ಮಾತ್ರ ರೈತ ಒಲೆಗೆ ಹಾಕೋದಿಲ್ಲ.

ಈ ದಾನಕ್ಕೂ ನಿಯಮವಿದೆ. ತಿಳಿದು, ಒಪ್ಪಿ ಕೊಟ್ಟ ರಕ್ತ ಮಾತ್ರ ದಾನ. ಒತ್ತಾಯಕ್ಕೆ ಕೊಟ್ಟದ್ದು ದಾನವಲ್ಲ. ಹಣ ಪಡೆದವರು ಲೆಕ್ಕ ಒಪ್ಪಿಸಬೇಕು. ರಕ್ತ ಪಡೆದವರು ಪರೀಕ್ಷೆಯಲ್ಲಿ ಕಂಡದ್ದನ್ನು ಕೊಟ್ಟವರಿಗೆ ತಿಳಿಸಬೇಕು.

ಬೆಟ್ಟ ಹತ್ತಿ ಬರುವ ಭಕ್ತಾದಿಗಳು ಹರಕೆಯಲ್ಲಿ ಬೇಡುವುದು ಹೆಚ್ಚಾಗಿ ತಮ್ಮ ಮನೆಯವರ ಆರೋಗ್ಯ. ಮುಖ ಕಾಣದ, ಇನ್ನೂ ಹುಟ್ಟದ ಮನೆಯವರಿಗಾಗಿ ಒಂದು ಹಿಡಿ ಎತ್ತಿಟ್ಟರೆ ಆ ಹರಕೆ ಇನ್ನೂ ದೊಡ್ಡದಾಗುತ್ತದೆ.