ಲಯವೆಂದರೆ ನಾಶವೇ?

ಗದಗಿನ ತ್ರಿಕೂಟೇಶ್ವರ ಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ: ಬ್ರಹ್ಮ, ವಿಷ್ಣು, ಮಹೇಶ್ವರ. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಸೃಷ್ಟಿ, ಸ್ಥಿತಿ, ಲಯ. ಹುಟ್ಟಿಸುವವನ ಪಕ್ಕದಲ್ಲೇ ಕೂರುವ ಈ ಲಯ ಎಂಥ ಅಳಿವು?

ಆಡುಮಾತು ಈ ವಿಷಯದಲ್ಲಿ ಬಲು ಎಚ್ಚರ. ಅತಿವೃಷ್ಟಿಗೆ ಈರುಳ್ಳಿ ಬೆಳೆ 'ನಾಶ'ವಾಗುತ್ತದೆ, ಕಟ್ಟಡ 'ಧ್ವಂಸ'ವಾಗುತ್ತದೆ, ಎಲ್ಲ ಕೆಟ್ಟರೆ 'ಸತ್ಯಾನಾಸ ಆತು' ಅನ್ನುತ್ತೇವೆ. ಬೆಳೆ ಲಯವಾಯಿತು ಎಂದು ಯಾರೂ ಅನ್ನುವುದಿಲ್ಲ. ಸಂಸ್ಕೃತದ 'ನಶ್' ಧಾತುವಿಗೆ ಕಾಣದಾಗು, ಇಲ್ಲವಾಗು ಎಂದರ್ಥ. 'ಧ್ವಂಸ್' ಎಂದರೆ ಕಳಚಿ ಬೀಳು, ಪುಡಿಯಾಗು. ಲಯದ ಮೂಲ 'ಲೀ': ಅಂಟಿಕೊಳ್ಳು, ಕರಗಿ ಒಂದಾಗು. ಲೀನ, ತಲ್ಲೀನ, ಪ್ರಳಯ, ಕೊನೆಗೆ ಬ್ಯಾಂಕುಗಳ ವಿಲೀನ ಕೂಡ ಇದೇ ಬಳ್ಳಿಯವು.

ಈ ವ್ಯತ್ಯಾಸದ ಮೇಲೆಯೇ ನಮ್ಮ ದರ್ಶನಗಳಲ್ಲಿ ದೊಡ್ಡ ವಾದ ನಡೆದಿದೆ. ಅವು ಮತ್ತೆ ಮತ್ತೆ ಎತ್ತಿಕೊಳ್ಳುವ ಉದಾಹರಣೆ ನೂಲು ಮತ್ತು ಬಟ್ಟೆ. ನೇಕಾರರ ಬೆಟಗೇರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ನ್ಯಾಯ ದರ್ಶನದ ಪ್ರಕಾರ ಸೀರೆ ನೂಲಿನಿಂದ ಹುಟ್ಟಿದ ಹೊಸ ವಸ್ತು. ಅದು ಹರಿದು ಚಿಂದಿಯಾದ ಗಳಿಗೆಯಿಂದ ಅದರ 'ಪ್ರಧ್ವಂಸಾಭಾವ' ಶುರುವಾಗುತ್ತದೆ. ಈ ಅಭಾವಕ್ಕೆ ಮೊದಲುಂಟು, ಕೊನೆಯಿಲ್ಲ. ಅದೇ ಎಳೆಗಳನ್ನು ಹಾಸು ಹೊಕ್ಕಾಗಿಸಿ ಮತ್ತೆ ನೇಯ್ದರೂ ಬರುವುದು ಇನ್ನೊಂದು ಸೀರೆ. ಸಾಂಖ್ಯರು ಇದನ್ನು ಒಪ್ಪುವುದಿಲ್ಲ. ಸೀರೆ ನೂಲಿನಲ್ಲಿ ಮೊದಲೇ ಅಡಗಿತ್ತು, ನೇಯ್ಗೆಯಿಂದ ತೋರಿತು, ಈಗ ತನ್ನ ಕಾರಣಕ್ಕೆ ಮರಳಿತು. ಕಾರ್ಯವು ಕಾರಣದಲ್ಲಿ ಲಯವಾಗುವುದನ್ನೇ ಜನ ನಾಶ ಅನ್ನುತ್ತಾರೆ ಎಂಬುದು ಅವರ ನಿಲುವು.

ಪುರಾಣಗಳು ಹೇಳುವ ಪ್ರಳಯ ನಾಲ್ಕು ಬಗೆ: ನಿತ್ಯ, ನೈಮಿತ್ತಿಕ, ಪ್ರಾಕೃತಿಕ, ಆತ್ಯಂತಿಕ. ಕೊನೆಯದರಲ್ಲಿ ನೀರೂ ಇಲ್ಲ, ಬೆಂಕಿಯೂ ಇಲ್ಲ; ಜ್ಞಾನದಿಂದ ಒದಗುವ ಮೋಕ್ಷಕ್ಕೇ ಆ ಹೆಸರು. ಶರಣ ಪರಂಪರೆಯ 'ಲಿಂಗೈಕ್ಯ'ದಲ್ಲಿರುವುದೂ ಇದೇ ಒಂದಾಗುವ ಭಾವ. 2010ರಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ತೀರಿಕೊಂಡಾಗ ನಾಡು ಆಡಿದ್ದು ಅದೇ ಮಾತು. ಆ ಆಶ್ರಮದಲ್ಲಿ ಕಲಿಸುವ ಸಂಗೀತದಲ್ಲೂ ಲಯವುಂಟು. ಕ್ರಿಯೆಯ ಬೆನ್ನಿಗೆ ಬರುವ ವಿಶ್ರಾಂತಿಯೇ ಲಯ ಎಂದು ಹದಿಮೂರನೆಯ ಶತಮಾನದಲ್ಲೇ ಶಾರ್ಙ್ಗದೇವ ಹೇಳಿದ್ದಾನೆ.

ಹಾಗಾದರೆ ನೈಯಾಯಿಕರು ಸೋತರೇ? ಇಲ್ಲ. ಉಟ್ಟವಳಿಗೆ ಆ ಸೀರೆ ಹೋದದ್ದು ಹೋದದ್ದೇ. ಕಾರಣದ ಕಡೆ ನಿಂತು ನೋಡಿದವರಿಗೆ ಲಯ, ಕಳೆದುಕೊಂಡವರಿಗೆ ನಾಶ. ತನ್ನ ಸಾವನ್ನು ಲಯವೆಂದು ಕಾಣುವುದು ಸಾಧನೆ. ಇನ್ನೊಬ್ಬರ ಸುಟ್ಟ ಮನೆಯೆದುರು ಆ ಮಾತಾಡುವುದು ಕ್ರೌರ್ಯ.