ಫಾರ್ಮಿನಲ್ಲಿಲ್ಲದ ಕಾಲಂ

ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಕೆಲಸದ ಜಾಗ ಅಳೆಯೋದು ನನ್ನ ಕೆಲಸ. ಬೆಳಕಿಗೊಂದು ಮೀಟರ್, ಸದ್ದಿಗೊಂದು, ಸೆಕೆಗೊಂದು. ಮೈ ಬಾಗೋದಕ್ಕೂ ಅಂಕ ಇದೆ. 1993ರಲ್ಲಿ ಬಂದ 'ರೂಲಾ' ಪದ್ಧತಿಯಲ್ಲಿ 1 ಅಂದ್ರೆ ಪರವಾಗಿಲ್ಲ, 7 ಅಂದ್ರೆ ತಕ್ಷಣ ಬದಲಾಯಿಸಿ.

ಪೀಣ್ಯದಲ್ಲಿ ಕಾಲರ್ ಹೊಲಿಯುವ ಅಕ್ಕ ಒಬ್ಬರಿಗೆ 6 ಬಂತು. ಬಗ್ಗಿದ ಕತ್ತು, ಒರಗಲು ಏನೂ ಇಲ್ಲದ ಸ್ಟೂಲು. ಕುರ್ಚಿ ಕೊಡಿ ಅಂತ ಬರೆದೆ, ಕೊಟ್ಟರು. ಮೂರು ತಿಂಗಳ ನಂತರ ಅಳೆದಾಗ 4. ಖುಷಿಯಿಂದ, "ಕುರ್ಚಿ ಹೇಗಿದೆ ಅಕ್ಕಾ?" ಅಂದೆ.

"ಚೆನ್ನಾಗಿದೆ ಮೇಡಂ. ಒರಗೋಕೆ ಟೈಮ್ ಎಲ್ಲಿದೆ? ಕುರ್ಚಿ ಬಂದ್ಮೇಲೆ ಗಂಟೆಗೆ ಹತ್ತು ಪೀಸ್ ಜಾಸ್ತಿ ಕೇಳ್ತಾರೆ," ಅಂದರು, ತಲೆ ಎತ್ತದೆ.

ನನ್ನ ಫಾರ್ಮಿನಲ್ಲಿ ಟಾರ್ಗೆಟ್‌ಗೆ ಕಾಲಂ ಇಲ್ಲ. ನಿಮಿಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಕೈಯಾಡಿಸಿದರೆ ರೂಲಾ ಒಂದು ಅಂಕ ಸೇರಿಸುತ್ತೆ. ಅದು ಎಂಟು ಸಲವಾದರೂ ಅದೇ ಒಂದು. ಹಾಗಾದರೆ ನನ್ನ ರಿಪೋರ್ಟು ಉಪಕಾರ ಮಾಡಿದ್ದು ಯಾರಿಗೆ?

ಅಳೆಯೋದೇ ತಪ್ಪು ಅನ್ನಲಾರೆ. ಅಳೆಯದಿದ್ದರೆ ಆ ಸ್ಟೂಲು ಇವತ್ತೂ ಅಲ್ಲೇ ಇರ್ತಿತ್ತು. ಆದರೆ ಏನನ್ನು ಅಳೆಯಬೇಕು ಅಂತ ಫೀಸು ಕೊಡುವವರೇ ಹೇಳಿ, ನಾನು ತಲೆಯಾಡಿಸಿದರೆ, ಬಿಟ್ಟುಹೋದದ್ದಕ್ಕೂ ನನ್ನ ಸಹಿ ಇದ್ದಂತೆಯೇ ಅಲ್ವಾ? ಸುಳ್ಳು ಬರೆದಿಲ್ಲ ಅನ್ನೋದು ನಿಜ ಹೇಳಿದಂತಾಗುತ್ತಾ?

ಈಗ ಪ್ರತಿ ರಿಪೋರ್ಟಿನ ಕೊನೆಗೆ ಗಂಟೆಗೆ ಎಷ್ಟು ಪೀಸು ಅಂತ ಕೈಯಿಂದ ಬರೀತೀನಿ. "ಇದು ನಿಮ್ಮ ಕೆಲಸವಲ್ಲ" ಅಂತ ಒಬ್ಬರು ಕರೆಯೋದನ್ನೇ ಬಿಟ್ಟರು. ಇನ್ನೊಬ್ಬರು ಆ ಸಾಲು ಹೊಡೆದುಹಾಕಿ ವಾಪಸ್ ಕಳಿಸಿದ್ದಾರೆ. ಅದನ್ನೇ ಮತ್ತೆ ಬರೆಯಲು ಕೂತಿದ್ದೀನಿ, ಒಳ್ಳೆ ಕುರ್ಚಿಯಲ್ಲಿ, ಆರಾಮಾಗಿ ಒರಗಿ.